ನೆನಪಿನ ಪರೀಕ್ಷೆಗೆ ಓದಿಕೊಂಡು ಹೋದದ್ದು

ಪರೀಕ್ಷೆ ಎಂದರೆ ಓದಿಕೊಂಡೇ ಹೋಗಬೇಕು ಎಂಬುದು ನನ್ನ ರಕ್ತದಲ್ಲೇ ಬಂದ ಗುಣ ಎನ್ನುವಂತಿಲ್ಲ; ನನ್ನ ರಕ್ತದವರು ಯಾರೂ ಪರೀಕ್ಷೆಯ ಹತ್ತಿರ ಸುಳಿದವರಲ್ಲ. ಅಪ್ಪ ಉಳ್ಳಾಲದಲ್ಲಿ ಬಲೆ ಎಳೆದವರು, ಅಮ್ಮ ಬೀಡಿ ಕಟ್ಟಿದವರು. ಆ ಮನೆಗೆ ಡಿಗ್ರಿ ಎಂಬುದು ಮೊದಲು ಬಂದದ್ದು ನನ್ನ ತಲೆಯ ಮೂಲಕ. ಹಾಗಾಗಿ ಈ ತಲೆಯ ಬಗ್ಗೆ ನನಗೆ ಅಭಿಮಾನ ಸ್ವಲ್ಪ ಹೆಚ್ಚೇ. ಅಂಥ ತಲೆ ಮೊನ್ನೆ ಸ್ಕೂಟರನ್ನು ಬಲ್ಮಠದ ಆಫೀಸಿನಲ್ಲೇ ಬಿಟ್ಟು ನನ್ನನ್ನು ಬಸ್ಸಿನಲ್ಲಿ ಮನೆಗೆ ತಂದಿತು.

"ಸ್ಕೂಟರ್ ಎಲ್ಲಿ ಮಾರಾಯ್ರೆ?" ಎಂದಳು ಹೆಂಡತಿ ಸುಮತಿ. ನಾನು ಅಂಗಳಕ್ಕಿಳಿದು ಹುಡುಕಿದೆ. ಅದನ್ನು ನೋಡಿ ಅವಳು ಹೆದರಿದಳು. ನಿಜ ಹೇಳಬೇಕೆಂದರೆ ನಾನೂ. ಮನೆತನದ ಮೊದಲ ಓದಿದ ತಲೆ ಐವತ್ತಕ್ಕೇ ಕೈಕೊಟ್ಟರೆ? ಡಾಕ್ಟರು ನೋಡಿ, ನೆನಪು, ಗಮನ, ಯೋಚನೆಗಳನ್ನೆಲ್ಲ ಅಳೆಯುವ ಪರೀಕ್ಷೆಗೆಂದು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕಳಿಸಿದರು.

ಪರೀಕ್ಷೆ! ಪದ ಕಿವಿಗೆ ಬಿದ್ದದ್ದೇ ತಡ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಅದೇ ಪರೀಕ್ಷೆ ಮುಗಿಸಿಕೊಂಡಿದ್ದ ಸಹೋದ್ಯೋಗಿ ಡೆನಿಸನನ್ನು ಹಿಡಿದೆ. "ಪ್ರಶ್ನೆ ಎಂತ ಬರ್ತದೆ?"

"ಒಂದಷ್ಟು ಪದ ಹೇಳ್ತಾರೆ, ನಾವು ತಿರುಗಿ ಹೇಳ್ಬೇಕು. ನನಗೆ ಚಾಪೆ, ಮೂಗು, ಬಾವಿ ಅಂತೆಲ್ಲ ಬಂದಿತ್ತು. ಅದಕ್ಕೂ ಓದ್ಲಿಕ್ಕೆ ಉಂಟಾ ಮಾರಾಯ?"

ಡೆನಿಸ್ ಓದಿದವರ ಮನೆಯಲ್ಲಿ ಹುಟ್ಟಿದವ; ನನ್ನ ಸಂಕಟ ಅವನಿಗೇನು ಗೊತ್ತು? ಅವನಿಗೆ ನೆನಪಿದ್ದ ಪದಗಳನ್ನೆಲ್ಲ ಬಾಯಿಪಾಠ ಮಾಡಿದೆ. ಬಚ್ಚಲಲ್ಲೂ ಒಪ್ಪಿಸಿದೆ. ಪರೀಕ್ಷೆಯ ದಿನ ಮೊಸರನ್ನ ಉಂಡು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ ಹೊರಟೆ.

"ಕೆಲವು ಪದ ಹೇಳ್ತೇನೆ ಸರ್, ಗಮನ ಇಟ್ಟು ಕೇಳಿ. ಚಾಪೆ..." ಎಂದರು ಮನಶ್ಶಾಸ್ತ್ರಜ್ಞೆ.

"ಮೂಗು, ಬಾವಿ, ಗಂಟೆ, ಕೊಡೆ!" ನಾನೇ ಮುಗಿಸಿದೆ.

"ನಾನಿನ್ನೂ ಹೇಳ್ಲೇ ಇಲ್ವಲ್ಲ ಸರ್!"

ತಪ್ಪೊಪ್ಪಿಕೊಂಡೆ. ಪಾಪ, ಅವರಿಗೆ ನಗು ತಡೆಯಲಾಗಲಿಲ್ಲ. "ಇದಕ್ಕೆ ಓದಿಕೊಂಡು ಬಂದ್ರೆ ಅಳತೆಯೇ ಹಾಳಾಗ್ತದೆ ಸರ್" ಎಂದು ಬೇರೆಯೇ ಪದಗಳನ್ನು ತೆಗೆದರು. ಜೀವಮಾನದಲ್ಲಿ ಮೊದಲ ಬಾರಿಗೆ ಓದದೆ ಪರೀಕ್ಷೆಗೆ ಕುಳಿತೆ.

ಮುಂದಿನ ವಾರ ಫಲಿತಾಂಶಕ್ಕೆ ನಾನೂ ಸುಮತಿಯೂ ಹೋದೆವು. "ನೆನಪು ತುಂಬ ಚೆನ್ನಾಗಿ ಉಂಟು. ಸ್ಕೂಟರ್ ಬಿಟ್ಟ ದಿನ ಏನೇನೋ ಯೋಚನೆ ಮಾಡ್ತಾ ಗಮನ ತಪ್ಪಿದೆ, ಅಷ್ಟೆ" ಎಂದರು ಮನಶ್ಶಾಸ್ತ್ರಜ್ಞೆ.

"ಫಸ್ಟ್ ಕ್ಲಾಸಾ?"

"ಇದರಲ್ಲಿ ಪಾಸು ಫೇಲು ಇಲ್ಲ ಸರ್."

ಇಲ್ಲದಿದ್ದರೆ ಬೇಡ, ಸುಮತಿ ಕಣ್ಣೊರೆಸಿಕೊಂಡು ನಕ್ಕಳಲ್ಲ, ನನಗೆ ಅದೇ ರ‍್ಯಾಂಕು. ಆ ಖುಷಿಗೆ ಅವಳಿಗೆ ದೊಡ್ಡ ಲೋಟದ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. ಒಂದು ಚಮಚ ಬಾಯಿಗಿಟ್ಟವಳು ನನ್ನನ್ನೇ ನೋಡಿದಳು.

"ನೆನಪೆಲ್ಲ ಸರಿ ಉಂಟಲ್ಲ, ಹಾಗಾದ್ರೆ ನನ್ನ ತಮ್ಮನ ಮನೆಗೆ ಹೋಗ್ಲಿಕ್ಕೆ ಪ್ರತಿ ಸಲ ಮರೆತುಹೋಗುವುದು ಎಂತಕ್ಕೆ?"

ಇಷ್ಟು ಕಷ್ಟದ ಪ್ರಶ್ನೆ ಆ ಪರೀಕ್ಷೆಯಲ್ಲೂ ಇರಲಿಲ್ಲ.