ನಮ್ಮ ಮಾವನೂ ಎತ್ತಿನ ಏಳನೆಯ ಎಳೆಯೂ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚೇ ಅವನಿಗೆ ಅಂಜಿ ದೂರ ನಿಂತಿತ್ತು! ಬೇರೆಯವರ ಮಾವಂದಿರು ಮನೆಗೆ ಬಂದರೆ ಕಾಲು ತೊಳೆದುಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ, ಮಳೆ ಬೆಳೆ ವಿಚಾರಿಸುತ್ತಾರೆ. ನಮ್ಮ ಮಾವ ಬಂದರೆ ನೆಟ್ಟಗೆ ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕಣ್ಣಿನ ಮುಂದೆ ಫಟ್ಟನೆ ಕೈ ಬೀಸುತ್ತಿದ್ದ. ಎಮ್ಮೆ ಕಣ್ಣು ಪಿಳುಕಿಸಿದರೆ "ಎರಡನೇದು ಸರಿ, ಏಳನೇದೂ ಸರಿ" ಎಂದು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡು, ಆಮೇಲೆ ಒಳಗೆ ಬಂದು ನಮ್ಮ ಅವ್ವನನ್ನು ಕೇಳುತ್ತಿದ್ದ: "ಅಕ್ಕಾ, ಆರಾಮ ಇದ್ದೀಯೇನ?"

"ಎಮ್ಮಿ ಆರಾಮ ಇದ್ದ ಮ್ಯಾಲ ನನ್ನ ಯಾಕ ಕೇಳತೀ ಬಿಡಪಾ" ಎಂದು ಅವ್ವ ಮುಖ ಊದಿಸುತ್ತಿದ್ದಳು.

ಅವನು ವೈದ್ಯನೇನಲ್ಲ. ಗಜೇಂದ್ರಗಡದ ಕೋಟೆ ಗುಡ್ಡದ ಕೆಳಗೆ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದವ. ಆಗಿನ್ನೂ ಕುಂಪಣಿ ಸರಕಾರದ ಕಾಲ. ಒಂದು ದಿನ ಓಣಿಯ ಕಟುಕ ಒಡೆದಿಟ್ಟಿದ್ದ ಕುರಿಯ ತಲೆ ಇವನ ಕಣ್ಣಿಗೆ ಬಿತ್ತಂತೆ. ಮಿದುಳಿನ ಬುಡದಿಂದ ಬಿಳಿ ಬಿಳಿ ನರದ ಎಳೆಗಳು ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಹೊರಟಿದ್ದವು. ನೀವೂ ನಾನೂ ಆದರೆ ಮುಖ ಆ ಕಡೆ ತಿರುಗಿಸಿ ನಡೆಯುತ್ತೇವೆ. ನೇಕಾರ ಎಳೆ ಕಂಡ ಮೇಲೆ ಎಣಿಸದೆ ಬಿಟ್ಟಾನೆಯೇ? ಎಣಿಸಿದ. ಹನ್ನೆರಡು ಜೋಡಿ. ಇನ್ನೊಂದು ತಲೆ ತಂದು ಎಣಿಸಿದ. ಮತ್ತೂ ಹನ್ನೆರಡು! ಮೇಕೆಗೂ ಹನ್ನೆರಡು, ಸತ್ತ ಎಮ್ಮೆಗೂ ಹನ್ನೆರಡು. ಅಲ್ಲಿಗೆ ಸೀರೆಯ ಕಥೆ ಮುಗಿಯಿತು. ಯಾವ ಎಳೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಸೇರುತ್ತದೆ, ಅದು ಮಾಡುವ ಕೆಲಸವೇನು ಎಂದು ಹುಡುಕುತ್ತ ಎರಡು ವರ್ಷ ಕಳೆದ. ಮೊದಲನೆಯದು ವಾಸನೆಗೆ, ಎರಡನೆಯದು ನೋಟಕ್ಕೆ, ಐದನೆಯದು ಮುಖದ ಸ್ಪರ್ಶಕ್ಕೂ ಅಗಿಯುವುದಕ್ಕೂ, ಏಳನೆಯದು ಮುಖವನ್ನೂ ಕಣ್ಣಿನ ರೆಪ್ಪೆಯನ್ನೂ ಆಡಿಸುವುದಕ್ಕೆ, ಎಂಟನೆಯದು ಕಿವಿಗೆ, ಹನ್ನೆರಡನೆಯದು ನಾಲಿಗೆಗೆ.

ಕುರಿಯ ತಲೆಗಳು ಅಟ್ಟದ ಮೇಲೆ ಸಾಲಾಗಿ ಕೂತವು. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡೇ ರೊಟ್ಟಿ ಬಡಿಯಬೇಕಾಯಿತು.

"ರೀ, ನಾರತೈತ್ರಿ!"

"ಏನ ನಾರತೈತಿ? ನನಗೇನೂ ಬರವಲ್ದಲ್ಲ!"

ಬರುವುದಾದರೂ ಹೇಗೆ? ಹಿಂದೊಮ್ಮೆ ಭಾರೀ ಜ್ವರ ಬಂದು ಹೋದಂದಿನಿಂದ ಅವನ ಮೂಗಿಗೆ ಮಲ್ಲಿಗೆಯೂ ಒಂದೇ, ಸೆಗಣಿಯೂ ಒಂದೇ. ವಾಸನೆಯ ಎಳೆಯ ಮೇಲೆ ಊರಿಗೆಲ್ಲ ಉಪದೇಶ ಮಾಡುವ ಮನುಷ್ಯನಿಗೆ ಸ್ವಂತ ವಾಸನೆಯ ಎಳೆಯೇ ಕೆಟ್ಟು ಕೂತಿತ್ತು! ಅದನ್ನು ಅತ್ತೆ ಎತ್ತಿ ಆಡಿದರೆ, "ಅದಕ್ಕ ನನಗ ಅದರ ಕಿಮ್ಮತ್ತು ಗೊತ್ತೈತಿ" ಎಂದು ಶುರು ಮಾಡುತ್ತಿದ್ದ. ಅತ್ತೆ ಕೈ ಮುಗಿದು, "ನಿಮ್ಮ ಹನ್ನೆರಡನೇ ಎಳೀಗೆ ಒಂಚೂರು ಪುರಸೊತ್ತು ಕೊಡ್ರಿ" ಎನ್ನುತ್ತಿದ್ದಳು.

ರೋಣದ ಸಂತೆಗೆ ಅವನ ಜೊತೆ ಹೋಗುವುದೆಂದರೆ ಶಿಕ್ಷೆ. ಕತ್ತೆ, ಕುದುರೆ, ಬೆಕ್ಕು, ಯಾವುದೂ ಅವನ ಪರೀಕ್ಷೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಕತ್ತೆಯ ಕಿವಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ಎಂಟನೆಯದನ್ನು ನೋಡುವುದು, ಮೇಕೆಯ ತುಟಿ ಎತ್ತಿ ನಾಲಿಗೆ ಎಳೆದು ಹನ್ನೆರಡನೆಯದನ್ನು ನೋಡುವುದು. ಒಮ್ಮೆ ಮಲಗಿದ್ದ ನಾಯಿಯ ಮೂಗಿಗೆ ಹುಲ್ಲುಕಡ್ಡಿ ಆಡಿಸಿದ. ಅದು ಎದ್ದದ್ದೇ ಇವನ ಮುಂಗೈಗೆ ಬಾಯಿ ಹಾಕಿ ಜೋತುಬಿತ್ತು. ಜನ ಓಡಿ ಬಂದು ಬಿಡಿಸಿದರು. ರಕ್ತ ಸೋರುತ್ತಿದೆ, ನಾನು ಗಾಬರಿಯಾಗಿ ಅರಿವೆ ಹರಿಯುತ್ತಿದ್ದೇನೆ, ಮಾವ ಹಲ್ಲಿನ ಗುರುತನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಾನೆ!

"ಅಳಿಯಾ, ಐದನೇದು ಭಾಳ ಚಲೋ ಐತಿ ನೋಡೋ. ಎರಡೂ ಕಡೀ ಒಂದ ಸಮ ಕಡದೈತಿ!"

ಅಸೂಟಿ ಎಂಬ ಊರಿಗೆ ನನಗೆ ಹೆಣ್ಣು ನೋಡಲು ಹೋದಾಗ ಇವನನ್ನು ಬಿಟ್ಟು ಹೋಗೋಣ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹಿರಿಯರೆಲ್ಲ ಕಂಬಳಿಯ ಮೇಲೆ ಕೂತಿದ್ದಾರೆ, ಹುಡುಗಿ ತಲೆ ಬಗ್ಗಿಸಿ ನೀರಿನ ತಂಬಿಗೆ ಇಡುತ್ತಿದ್ದಾಳೆ, ನಮ್ಮ ಮಾವನ ಕೈ ಸುಮ್ಮನಿದ್ದೀತೇ? ಫಟ್ಟನೆ ಅವಳ ಕಣ್ಣಿನ ಮುಂದೆ ಬೀಸಿತು! ಅವಳು ಹೌಹಾರಿ ತಂಬಿಗೆಯನ್ನು ಅವನ ತೊಡೆಯ ಮೇಲೆಯೇ ಬಿಟ್ಟಳು. ಒದ್ದೆ ಧೋತರದಲ್ಲೇ ಎದ್ದು ನಿಂತು, "ಹುಡುಗಿ ಚಲೋ ಅದಾಳ್ರಿ, ಒಪ್ಪಿಗಿ" ಎಂದುಬಿಟ್ಟ. ನನ್ನ ಹೆಂಡತಿ ಈಗಲೂ ಕೇಳುತ್ತಾಳೆ: "ನೀವು ನನ್ನ ಒಪ್ಪಿದ್ರ್ಯೋ, ನಿಮ್ಮ ಮಾವ ಒಪ್ಪಿದ್ರೋ?"

ನರಗುಂದಕ್ಕೆ ಕುಂಪಣಿಯ ಕುದುರೆ ದಂಡು ಬಂದು ಇಳಿದದ್ದು, ಅದರ ಜೊತೆ ಕುದುರೆಗಳಿಗೆ ಮದ್ದು ಮಾಡುವ ಒಬ್ಬ ಸಾಹೇಬ ಬಂದದ್ದು ಗೊತ್ತಾದಾಗಲಂತೂ ಇವನನ್ನು ಹಿಡಿಯುವವರೇ ಇಲ್ಲ. ಕುರಿಯ ತಲೆಯನ್ನು ಪಂಚೆಯಲ್ಲಿ ಗಂಟು ಕಟ್ಟಿಕೊಂಡು ನಡೆದೇ ಹೋದ. ಡೇರೆಯ ಮುಂದಿನ ಸಿಪಾಯಿ ಗಂಟು ಬಿಚ್ಚಿಸಿ, ಒಳಗಿದ್ದದ್ದನ್ನು ಕಂಡು ಬಂದೂಕು ಎತ್ತಿದನಂತೆ. ಮಾಟ ಮಾಡಲು ಬಂದವ ಎಂದು ಅವನ ಲೆಕ್ಕ. ಗದ್ದಲ ಕೇಳಿ ಸಾಹೇಬನೇ ಹೊರಗೆ ಬಂದ. ದುಭಾಷಿಯ ಮೂಲಕ ಇಬ್ಬರೂ ಮಧ್ಯಾಹ್ನದ ತನಕ ಆ ತಲೆಯ ಮುಂದೆ ಕೂತು ವಾದ ಮಾಡಿದರು. ಮಾವ ಸಿಟ್ಟಿನಿಂದ ತಿರುಗಿ ಬಂದ.

"ಏನಂದಾ ಮಾವಾ ಸಾಹೇಬ?"

"ಒಂಬತ್ತ ಅಂತಾನೋ! ಮುಖದ್ದೂ ಕಿವೀದೂ ಕೂಡಿ ಒಂದ ಅಂತಾನ. ಗಂಟಲ ಕಡಿ ಹೋಗೂ ಮೂರೂ ಕೂಡಿ ಒಂದ ಅಂತಾನ. ಬಾಜೂ ಬಾಜೂ ಹ್ವಾದ್ರ ಎಳೀ ಒಂದ ಆಗತಾವೇನು? ಮಗ್ಗದ ಮುಂದ ಒಂದ ದಿನಾನೂ ಕೂತಿಲ್ಲ ಆ ಮನಷ್ಯಾ!"

ಇಡೀ ಸೀಮೆಯ ರಾಜ್ಯ ಆಳುವವರಿಗೆ ಒಂಬತ್ತಕ್ಕೂ ಹನ್ನೆರಡಕ್ಕೂ ಫರಕು ತಿಳಿಯದು ಎಂದು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ.

ನಗುವುದು ಇಲ್ಲಿಗೆ ಸಾಕು. ಈಗ ನನ್ನದೊಂದು ತಪ್ಪು ಹೇಳಬೇಕು.

ನಮ್ಮ ಊರು ರಾಜೂರು. ನಮ್ಮ ಅಪ್ಪನಿಗೆ ಬಲಕ್ಕೆ ಹೂಡುವ ಬಿಳಿ ಎತ್ತೆಂದರೆ ಜೀವ. ನಾವು ಉಂಡೆವೋ ಇಲ್ಲವೋ, ಎತ್ತು ಉಂಡಿತೋ ಎಂದು ಕೇಳುವವ. ಆ ವರ್ಷ ಹತ್ತಿ ಹೇರಿಕೊಂಡು ದೂರ ಹೋಗಬೇಕಿತ್ತು, ಎತ್ತಿಗೆ ನಾಲ ಬಡಿಸಲು ಗಜೇಂದ್ರಗಡದ ನಾಲಬಂದ ಚಾಚಾನನ್ನು ಕರೆಸಿದ್ದೆವು. ಅಪ್ಪ ಅವ್ವ ಇಬ್ಬರೂ ಹೊಲಕ್ಕೆ ಹೋಗಿದ್ದರು. ಎತ್ತಿಗೆ ಹಗ್ಗ ಹಾಕಿ ಎಡಮಗ್ಗುಲಿಗೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿದೆವು. ತಲೆ ಎತ್ತದಂತೆ ಒತ್ತಿ ಹಿಡಿಯುವ ಕೆಲಸ ನನ್ನದು. ಚಾಚಾ ಎರಡು ಸಲ ಹೇಳಿದ: "ಕೋಡ ಹಿಡಿಯಪಾ, ಗಲ್ಲದ ಮ್ಯಾಲ ಕೂಡಬ್ಯಾಡ." ನಾನು ಇಪ್ಪತ್ತು ವರ್ಷದ ದಾಂಡಿಗ. ಚಾಚಾ ಕಾಲಿನ ಕಡೆ ಬಗ್ಗಿದ ಕೂಡಲೇ ಎತ್ತಿನ ಗಲ್ಲದ ಮೇಲೆ ಆರಾಮಾಗಿ ಕೂತುಬಿಟ್ಟೆ. ಕಾಲಿಗೆ ಎರಡರಂತೆ ಎಂಟೂ ನಾಲ ಬಡಿದು ಮುಗಿಯುವ ತನಕ ಎದ್ದವನಲ್ಲ.

ಸಂಜೆ ಅಪ್ಪ ಬಂದು ಗ್ವಾದಲಿಗೆ ಮೇವು ಹಾಕಿದಾಗ ಬೆಳಕಿಗೆ ಬಂತು. ಎತ್ತಿನ ಬಲಗಿವಿ ಜೋತುಬಿದ್ದಿದೆ, ತುಟಿ ಒಂದು ಕಡೆ ಇಳಿದು ಜೊಲ್ಲು ಸೋರುತ್ತಿದೆ, ಮೂತಿ ಎಡಕ್ಕೆ ಸೊಟ್ಟಗಾಗಿದೆ, ಅಗಿದ ಮೇವು ಬಲಗಲ್ಲದಲ್ಲೇ ಗಂಟಾಗಿ ನಿಂತಿದೆ. ಬಲಗಣ್ಣು ಮುಚ್ಚುತ್ತಲೇ ಇಲ್ಲ. ಓಣಿಯವರು ಬಂದು ಒಬ್ಬರು ದೃಷ್ಟಿ ಎಂದರು, ಒಬ್ಬರು ದೆವ್ವ ಎಂದರು. ಅಪ್ಪನಿಗೆ ಎರಡೂ ಬೇಕಾಗಲಿಲ್ಲ.

"ಆ ನಾಲಬಂದನ ಕೆಲಸ ಇದು. ಇನ್ನ ಮ್ಯಾಲ ಸುತ್ತ ಹತ್ತ ಹಳ್ಳ್ಯಾಗ ಯಾರೂ ಅವನ ಕೈಯಾಗ ಎತ್ತ ಕೊಡಬಾರದು, ಹಂಗ ಮಾಡತೀನಿ."

ಮಾಡುವ ಮನುಷ್ಯನೇ. ಚಾಚಾನ ಹೊಟ್ಟೆಯ ಮೇಲೆ ಹೊಡೆಯುವ ಮಾತು ನನ್ನ ಎದುರಿಗೇ ಆಗುತ್ತಿದೆ, ನಾನು ಬಾಯಿ ಬಿಡಲಿಲ್ಲ. ಸುತ್ತಿ ಬಳಸಿ ಏಕೆ ಹೇಳಲಿ? ಅಪ್ಪನಿಗೆ ಅಂಜಿದೆ.

ಚಾಚಾನ ಮೇಲೆ ಬಂದ ದೂರನ್ನೂ ಸೇರಿಸಿ ಅವ್ವ ಹೇಳಿ ಕಳಿಸಿದ್ದಕ್ಕೆ ಮರುದಿನ ಬೆಳಿಗ್ಗೆ ಮಾವ ಬಂದ. ಅಂದು ಯಾರೂ ನಗಲಿಲ್ಲ. ಗಲ್ಲವನ್ನು ಮುಳ್ಳಿನಿಂದ ಮೆಲ್ಲಗೆ ಚುಚ್ಚಿದ, ಎತ್ತು ತಲೆ ಕೊಡವಿತು. ಕಣ್ಣಿನ ಗುಡ್ಡೆಗೆ ಅರಿವೆಯ ತುದಿ ತಾಗಿಸಿದ, ಗುಡ್ಡೆ ಒಳಗೆ ಸರಿಯಿತು, ರೆಪ್ಪೆ ಮಾತ್ರ ಅಲುಗಲಿಲ್ಲ. ದವಡೆ ಹಿಡಿದು ನೋಡಿದ, ನಾಲಿಗೆ ಎಳೆದು ನೋಡಿದ.

"ನೋವು ತಿಳೀತೈತಿ, ಅಗೀಲಿಕ್ಕೂ ಬರತೈತಿ. ಐದನೇದು ಸರಿ. ಬಿದ್ದದ್ದು ಏಳನೇದು ಒಂದ. ಅದು ಕಿವೀ ಬುಡದಾಗ ಹೊರಗ ಬಂದು ದವಡೀ ಮ್ಯಾಲ ಹಾದು ಗಲ್ಲಕ್ಕ ಹೋಗತೈತಿ, ಮ್ಯಾಲ ಬರೇ ತೊಗಲ. ಹರದಿಲ್ಲ ಭಾವಾರ, ಒತ್ತೇತಿ. ತಾನಾ ಏಳಬಹುದು. ಆದ್ರ ಅಲ್ಲೀ ತನಕಾ ಕಣ್ಣ ಒಣಗಿದ್ರ ಹೂ ಬಿದ್ದು ಕುರುಡ ಆಗತೈತಿ."

"ಒತ್ತಿದಾಂವ ಯಾರು?" ಎಂದ ಅಪ್ಪ.

"ಯಾರೋ ಗಲ್ಲದ ಮ್ಯಾಲ ಕೂತಾರ."

"ಯಾರ ಅಂತ ಕೇಳಿದೆ."

ಮಾವ ನನ್ನ ಕಡೆ ನೋಡಿದ. ನಾನು ಗ್ವಾದಲಿಯ ಕಡೆ ನೋಡಿದೆ.

"ನಾನಾ ಕೂತಿದ್ದೆ" ಎಂದ ಮಾವ. "ನಿನ್ನೆ ಚಾಚಾನ ಜೋಡಿ ಬಂದಿದ್ದೆ. ಅಂವ ಬ್ಯಾಡ ಬ್ಯಾಡ ಅಂದ, ನಾ ಕೇಳಲಿಲ್ಲ."

ಹಿಂದಿನ ದಿನ ಅವನು ರಾಜೂರಿನ ದಾರಿಯನ್ನೇ ತುಳಿದಿರಲಿಲ್ಲ! ಆದರೂ ಅಪ್ಪ ನಂಬಿದ. ಮಾವನ ಬಗ್ಗೆ ಯಾರು ಏನು ಹೇಳಿದರೂ ಜನ ನಂಬುತ್ತಿದ್ದರು, ಅವನೇ ಹೇಳಿಕೊಂಡರೆ ಇನ್ನು ಕೇಳಬೇಕೇ? ಅಪ್ಪನ ಬಾಯಿಂದ ಬಂದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಕಡೆಗೆ, "ನನ್ನ ಹೊಸ್ತಲಾ ಮತ್ತ ತುಳೀಬ್ಯಾಡ" ಎಂದ. ಅವ್ವ ಒಳಗೆ ಅಳುತ್ತಿದ್ದಳು. ಮಾವ "ಆತ್ರಿ" ಎಂದು ರುಮಾಲು ಕೊಡವಿಕೊಂಡು, ಹೋಗುವಾಗ ನನ್ನನ್ನು ಮಾತ್ರ ಕರೆದ. ಬೈಯುತ್ತಾನೆ ಎಂದುಕೊಂಡೆ.

"ಹಸೀ ಅರಿವಿ ಕಣ್ಣಿನ ಮ್ಯಾಲ ಇರಲಿ, ಒಣಗಗೊಡಬ್ಯಾಡ. ಉಂಡ ಮ್ಯಾಲ ಬಾಯಾಗ ಬೆರಳ ಹಾಕಿ ಗಲ್ಲದಾಗಿನ ಮೇವ ತಗಿ. ಕಿವೀ ಬುಡದಿಂದ ತುಟೀ ತನಕಾ ದಿನಾ ತಿಕ್ಕು. ಬ್ಯಾಸರಾ ಮಾಡಬ್ಯಾಡ ಅಳಿಯಾ." ಅಷ್ಟೇ ಹೇಳಿ ಹೋದ.

ಒಂದೂವರೆ ತಿಂಗಳು ನಾನು ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಅರಿವೆ ಹಸಿ ಮಾಡುವುದು, ಮೇವು ತೆಗೆಯುವುದು, ಗಲ್ಲ ತಿಕ್ಕುವುದು. ಮಗನಿಗೆ ಎಷ್ಟು ಜವಾಬ್ದಾರಿ ಬಂತು ನೋಡಿ ಎಂದು ಅಪ್ಪ ಊರ ಮುಂದೆ ಹೊಗಳಿದ. ಆ ಹೊಗಳಿಕೆ ಕೇಳಿದಾಗಲೆಲ್ಲ ನಾನು ಎತ್ತಿನ ಹಿಂದೆ ಹೋಗಿ ಮುಖ ಮರೆಸಿಕೊಳ್ಳುತ್ತಿದ್ದೆ. ಅವ್ವ ತಮ್ಮನ ಹೆಸರೆತ್ತಲಿಲ್ಲ, ಆದರೆ ಎಮ್ಮೆ ಹಿಂಡುವಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಒಂದು ಮುಂಜಾನೆ ನಾನು ಅರಿವೆ ತೆಗೆದು ಎತ್ತಿನ ಕಣ್ಣಿನ ಮುಂದೆ ಕೈ ಬೀಸಿದೆ. ರೆಪ್ಪೆ ಅರ್ಧ ಇಳಿಯಿತು. ಮತ್ತೆ ಬೀಸಿದೆ. ಪೂರಾ ಮುಚ್ಚಿತು! ಪಕ್ಕದಲ್ಲೇ ಇದ್ದ ಅಪ್ಪ "ಎದ್ದತೋ! ಎದ್ದತು!" ಎಂದು ಎತ್ತಿನ ಕೊರಳು ತಬ್ಬಿಕೊಂಡ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಅವತ್ತ ಗಲ್ಲದ ಮ್ಯಾಲ ಕೂತಾಂವ ನಾನು. ಮಾವ ಊರಾಗೂ ಇರಲಿಲ್ಲ."

ಹೊಡೆತಕ್ಕೆ ಸಿದ್ಧವಾಗಿ ನಿಂತಿದ್ದೆ. ಅಪ್ಪ ಹೊಡೆಯಲಿಲ್ಲ. ಎತ್ತಿನ ಕೊರಳು ಬಿಟ್ಟು, ಮೂಲೆಯಲ್ಲಿದ್ದ ನೊಗ ಎತ್ತಿ ತಂದ. ಆಮೇಲೆ, "ಗಾಡಿ ಹೂಡು" ಎಂದ.

ಗಜೇಂದ್ರಗಡದಲ್ಲಿ ಮಾವ ಮಗ್ಗದ ಕುಣಿಯಲ್ಲಿ ಕೂತಿದ್ದ. ಯಾರ ಮುಂದೂ ತಲೆ ಬಗ್ಗಿಸದ ನಮ್ಮ ಅಪ್ಪ ಬಾಗಿಲಲ್ಲಿ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಮಾವ ಎದ್ದು ಬಂದವನು ಅವನನ್ನು ದಾಟಿ ಎತ್ತಿನ ಹತ್ತಿರ ಹೋಗಿ, ಬಲಗಣ್ಣಿನ ಮೇಲೆ ಅಂಗೈ ಇಟ್ಟ. ಅಂಗೈ ಕೆಳಗೆ ರೆಪ್ಪೆ ಆಡಿದ್ದು ತಿಳಿದಿರಬೇಕು, ಇನ್ನೊಂದು ಕೈಯಿಂದ ಅದರ ಗಲ್ಲ ಸವರಿದ.

"ನನ್ನಿಂದ ತಪ್ಪಾತು" ಎಂದ ಅಪ್ಪ.

"ಸುಳ್ಳ ಹೇಳಿದಾಂವ ನಾನು, ನಿಮ್ಮದೇನ ತಪ್ಪರಿ ಭಾವಾರ? ಒಳಗ ಬರ್ರಿ."

ಅತ್ತೆ ರೊಟ್ಟಿ ತಂದಳು. ಅಪ್ಪ ಬೇರೆ ತಾಟು ಬೇಡ ಎಂದು ಮಾವನ ತಾಟಿನಲ್ಲೇ ಕೈ ಹಾಕಿದ. ನಾನು ಎತ್ತಿನ ಹಗ್ಗ ಹಿಡಿದು ಹೊರಗೇ ನಿಂತಿದ್ದೆ. ಯಾವ ಮುಖ ಹೊತ್ತು ಒಳಗೆ ಹೋಗಲಿ? ಇಷ್ಟು ದಿನ ಬಾರದ ಅಳು ಅಲ್ಲಿ ಬಂತು, ಓಣಿಯ ಜನ ನೋಡುತ್ತಿದ್ದರೂ ನಿಲ್ಲಲಿಲ್ಲ.

ಒಳಗಿನಿಂದ ಮಾವ ಕೂಗಿದ:

"ಅಳಿಯಾ, ಬಾರೋ ಒಳಗ. ನಿಮ್ಮಪ್ಪ ತುತ್ತ ಕೈಯಾಗ ಹಿಡಕೊಂಡ ಕೂತಾರ. ನೀ ಬರೂ ತನಕಾ ನಾವಿಬ್ಬರೂ ಉಣ್ಣಂಗಿಲ್ಲ."