ಅಳಿಯನ ಷಷ್ಠಿಯೂ ಸೋನಾಮುಖಿ ಪುಡಿಯೂ

ಭವತೋಷ ಸಮದ್ದಾರನ ಹೊಟ್ಟೆಗೆ ಬಂಧುಬಳಗದಲ್ಲೆಲ್ಲ ಕೆಟ್ಟ ಹೆಸರು. ಅಜೀರ್ಣವಿಲ್ಲದ ಗೃಹಸ್ಥನನ್ನು ಕಲ್ಕತ್ತೆಯಲ್ಲಿ ಯಾರೂ ಗೃಹಸ್ಥನೆಂದೇ ಎಣಿಸುವುದಿಲ್ಲ, ಅದು ಬೇರೆ ಮಾತು. ಆದರೆ ಕಳೆದ ವರ್ಷ, ಅತ್ತೆಯಂದಿರು ಅಳಿಯನನ್ನು ಕರೆದು ಹರಸಿ ಉಣಿಸುವ ಅಳಿಯನ ಷಷ್ಠಿಯ ದಿನ, ಅತ್ತೆ ಹೇಮನಲಿನಿ ಬಡಿಸಿದ ಇಲಿಶ್ ಮೀನನ್ನು ಅವನು “ಗ್ಯಾಸು” ಎಂದು ಪಕ್ಕಕ್ಕೆ ಸರಿಸಿದ್ದ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದರು.

“ಈ ಸಲ ತಟ್ಟೆ ಖಾಲಿ ಆಗದಿದ್ರೆ ನಾನು ಅಮ್ಮನ ಮನೇಲೇ ಉಳೀತೀನಿ. ನೀವೊಬ್ರೇ ಟ್ರಾಮ್ ಹತ್ತಿ,” ಎಂದಿದ್ದಳು ಹೆಂಡತಿ ಸುಲತಾ.

ಆದ್ದರಿಂದ ಭವತೋಷ ಜಠರಶುದ್ಧಿಯ ಮಹಾಸಂಕಲ್ಪ ಮಾಡಿದ. ಕಟ್ಟಿಕೊಂಡಿದ್ದ ಹೊಟ್ಟೆಗೆ ಬೆಳಗ್ಗೆಯೇ ಒಂದು ಚಮಚ ಸೋನಾಮುಖಿ ಪುಡಿ ಹಾಕಿದ. ಹೊಟ್ಟೆ ಜಪ್ಪಯ್ಯ ಎನ್ನಲಿಲ್ಲ. ಅತ್ತೆಮನೆ ತಲುಪಿದಾಗ ಮಾವ ಕ್ಷಿತೀಶಬಾಬು ಬಾಗಿಲಲ್ಲೇ ಕುಶಲ ವಿಚಾರಿಸಿದರು. (ಆ ಮನೆಯಲ್ಲಿ ಕುಶಲವೆಂದರೆ “ಬೆಳಗ್ಗೆ ಸರಿಯಾಗಿ ಆಯ್ತಾ?”)

“ಒಂದು ಚಮಚ ಯಾವ ಮೂಲೆಗಪ್ಪಾ? ನನ್ನ ಡಬ್ಬಿಯಿಂದ ಇನ್ನೆರಡು ಹಾಕ್ಕೋ.”

ಹಾಕಿಕೊಂಡ.

ಮಧ್ಯಾಹ್ನ ಕಂಚಿನ ತಟ್ಟೆಯ ಸುತ್ತ ಬಟ್ಟಲುಗಳ ದಂಡು ಕೂತಿತು. ಅತ್ತೆ ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕಿ, ಹರಸಿ, ಕೈಗೆ ಹಳದಿ ದಾರ ಕಟ್ಟುವ ತನಕ ಅಳಿಯ ಏಳುವಂತಿಲ್ಲ. ಆಗಲೇ ಹೊಟ್ಟೆಯೊಳಗೆ ಗುಡುಗು ಕೇಳಿಸಿತು.

“ಅಮ್ಮಾ... ಸ್ವಲ್ಪ ಬೇಗ...”

“ನೋಡ್ರೇ, ಈ ಸಲ ನನ್ನ ಅಳಿಯನಿಗೆ ಎಷ್ಟು ಹಸಿವು!” ಅತ್ತೆ ಹಿಗ್ಗಿಹೋಗಿ ಇನ್ನೂ ನಿಧಾನವಾಗಿ ಬೀಸಿದರು.

ಕೊನೆಗೆ ಅವರು ದಾರ ಸುತ್ತತೊಡಗುವಷ್ಟರಲ್ಲಿ ಭವತೋಷ ಎದ್ದು ಓಡಿದ. ದಾರದ ಒಂದು ತುದಿ ಅತ್ತೆಯ ಕೈಯಲ್ಲೇ ಉಳಿಯಿತು.

ಮತ್ತೆ ಮತ್ತೆ ಹೋಗಿಬಂದು ಗೋಡೆ ಹಿಡಿದು ನಿಂತಾಗ ಅತ್ತೆ ಬಿಕ್ಕುತ್ತಿದ್ದರು. “ನನ್ನ ಅಡುಗೆ ವಾಸನೆಗೇ ಓಡಿಹೋದ್ನಲ್ಲೇ!”

ಸುಲತಾ ದುರುಗುಟ್ಟಿದಳು. ನಾದಿನಿಯರೆಲ್ಲ ಎದುರಿಗೇ ಇದ್ದರು. ಭವತೋಷನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಅಡುಗೆ ತಪ್ಪಲ್ಲಮ್ಮಾ. ನಾನೇ... ಸೋನಾಮುಖಿ... ಮೂರು ಚಮಚ...”

ನಾದಿನಿಯರು ಬಿದ್ದು ಬಿದ್ದು ನಕ್ಕರು. ಅವನು ಮಾವನ ಕಡೆ ನೋಡಿದ. ಮಾವ ಸೂರಿನ ಜಂತೆ ಎಣಿಸುತ್ತಿದ್ದರು.

ಅಳಿಯನ ಪಾಲಿಗೆ ಮೆತ್ತಗಿನ ಅನ್ನ, ಬೇಯಿಸಿದ ಬಾಳೆಕಾಯಿ ಬಂದವು. ವೈದ್ಯರ ಅಪ್ಪಣೆಯಿಂದ ವರ್ಷಗಟ್ಟಲೆ ಇಲಿಶ್ ಮುಟ್ಟದ ಕ್ಷಿತೀಶಬಾಬು, “ಷಷ್ಠಿಯ ಅಡುಗೆ ಹಾಳಾಗಬಾರದು ನೋಡು,” ಎನ್ನುತ್ತಾ ಕಂಚಿನ ತಟ್ಟೆಯ ಮುಂದೆ ಕೂತೇಬಿಟ್ಟರು.

ಸಂಜೆ ಸುಲತಾ ಚೀಲ ಹಿಡಿದು ಹೊರಟಳು.

“ನೀನು ಇಲ್ಲೇ ಉಳೀತೀನಿ ಅಂದಿದ್ಯಲ್ಲಾ?” ಎಂದ ಭವತೋಷ ಕ್ಷೀಣವಾಗಿ.

“ನೀವು ಉಳೀರಿ. ನಿಮ್ಮನ್ನ ಟ್ರಾಮಿನಲ್ಲಿ ಕೂರಿಸ್ಕೊಂಡು ಹೋಗೋ ಧೈರ್ಯ ನನಗಿಲ್ಲ!”