ಹನ್ನೆರಡನೇ ಕಾರಣ

ನಮ್ಮ ಮನೆಯ ಟ್ರ್ಯಾಕ್ಟರು ನನ್ನ ಹೆಂಡತಿಯದು. ಓಡಿಸುವವಳೂ ಅವಳೇ, ತೊಳೆಯುವವಳೂ ಅವಳೇ, ಅದರ ಜೊತೆ ಮಾತಾಡುವವಳೂ ಅವಳೇ. ನನ್ನ ಜೊತೆ ಆಡುವುದಕ್ಕಿಂತ ನಾಲ್ಕು ಮಾತು ಹೆಚ್ಚೇ ಆಡುತ್ತಾಳೆ, ಅದೂ ಪ್ರೀತಿಯಿಂದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಶಾಖ ಎಂಬ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. (ಕೇಳಿದ ಮಕ್ಕಳು ಯಾರೂ ಬಿಸಿಯಾಗಿಲ್ಲ, ತಣ್ಣಗೆ ನಿದ್ದೆ ಮಾಡಿದ್ದಾರೆ.) ಇಷ್ಟು ಪಾಂಡಿತ್ಯ ಮನೆಯಲ್ಲೇ ಕಾಲು ಚಾಚಿ ಕೂತಿರುವಾಗ, ಎಂಜಿನ್ ಬಿಸಿಯಾಯಿತೆಂದು ಹೊರಗಿನವರನ್ನು ಕರೆಯುವುದು ಅವಮಾನವಲ್ಲವೇ, ನೀವೇ ಹೇಳಿ.

ಶಾಲೆಗೆ ರಜೆಯಿದ್ದ ವಾರವದು. ಗುರುವಾರ ಪಕ್ಕದ ಹೊಲ ಉಳಲು ಹೋದವಳು ಒಂದೇ ಗಂಟೆಯಲ್ಲಿ ವಾಪಸು ಬಂದಳು.

"ರೀ, ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗ್ತಿದೆ. ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಸಿದ್ರೆ ತಣ್ಣಗಿರುತ್ತೆ. ನೇಗಿಲು ಮಣ್ಣಿಗಿಳಿಸಿ ಹತ್ತು ನಿಮಿಷ ಎಳೆದ್ರೆ ಸಾಕು, ಕುದಿಯೋಕೆ ಶುರು."

"ಅಂದ್ರೆ ಲೋಡ್ ಬಿದ್ದಾಗ ಮಾತ್ರ ಬಿಸಿ?"

"ಹೂಂ, ಥೇಟ್ ನಿಮ್ಮ ಹಾಗೆ. ಕುರ್ಚಿಲಿ ಕೂತಿದ್ರೆ ತಂಪು, ಒಂದು ಬಕೆಟ್ ನೀರು ತನ್ನಿ ಅಂದ್ರೆ ತಲೆಬಿಸಿ."

ನಾನು ಕೇಳಿಸದವನಂತೆ ಕನ್ನಡಕ ಒರೆಸಿಕೊಂಡೆ.

ವಿಷಯ ಸಣ್ಣದಾಗಿರಲಿಲ್ಲ. ಹೊಲದ ಹಸಿ ಆರುವ ಮೊದಲು, ಶನಿವಾರ ಸಂಜೆಯೊಳಗೆ ಉತ್ತು ಕೊಡುತ್ತೇನೆಂದು ಪಕ್ಕದ ಹೊಲದವರಿಗೆ ಅವಳು ಮಾತು ಕೊಟ್ಟಿದ್ದಳು. "ಹೆಂಗಸು ಓಡಿಸೋ ಟ್ರ್ಯಾಕ್ಟರ್ ನಂಬಬೇಡಿ" ಎಂದವರ ಮಾತು ಮೀರಿ ಅವಳನ್ನು ಕರೆದವರು ಅವರು. ಆ ಮಾತು ತಪ್ಪಿದರೆ ಅವಳಿಗೆ ತಲೆ ಎತ್ತುವುದು ಕಷ್ಟ.

"ಅಣ್ಣನ್ನ ಕರೀತೀನಿ" ಎಂದಳು.

ಅಣ್ಣನೆಂದರೆ ನನ್ನ ಭಾವ, ಟ್ರ್ಯಾಕ್ಟರ್ ಮೆಕ್ಯಾನಿಕ್. ಹಿಂದೊಮ್ಮೆ ನಾನು ಸೈಕಲ್ ಪಂಪಿನಿಂದ ಟ್ರ್ಯಾಕ್ಟರಿನ ಚಕ್ರಕ್ಕೆ ಗಾಳಿ ತುಂಬಲು ಹೊರಟಿದ್ದನ್ನು ಈ ಮಹಾನುಭಾವ ಇವತ್ತಿಗೂ ನೆಂಟರ ಮನೆಗಳಲ್ಲಿ ನಟಿಸಿ ತೋರಿಸುತ್ತಾರೆ. ಪಂಪಿನ ಸದ್ದು ಸಮೇತ.

"ಬೇಡ! ಶನಿವಾರದೊಳಗೆ ರೋಗ ಕಂಡುಹಿಡಿಯೋದು ನನ್ನ ಜವಾಬ್ದಾರಿ" ಎಂದೆ. ಅವಳು ನನ್ನನ್ನೊಮ್ಮೆ, ಟ್ರ್ಯಾಕ್ಟರನ್ನೊಮ್ಮೆ ನೋಡಿದಳು. ಅವಳ ಕರುಣೆಯೆಲ್ಲ ಟ್ರ್ಯಾಕ್ಟರಿನ ಮೇಲಿತ್ತು.

ವಿಜ್ಞಾನ ಎಂದರೆ ಪಟ್ಟಿ. ನಾನು ಹೊಸ ನೋಟ್‌ಬುಕ್ ತೆಗೆದು 'ಭಾರಸಹಿತ ತಾಪೋದ್ರೇಕದ ಸಂಭಾವ್ಯ ಕಾರಣಗಳು' ಎಂದು ಬರೆದು ಎರಡು ಗೆರೆ ಎಳೆದೆ. ಕೆಳಗೆ ಹನ್ನೊಂದು ಕಾರಣ ಬರೆದೆ. ನೀರು ಕಡಿಮೆಯಿರಬಹುದು: ನೋಡಿದೆ, ಭರ್ತಿಯಿತ್ತು. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು: ಹೆಬ್ಬೆರಳಿನಿಂದ ಒತ್ತಿದೆ, ಬೆಲ್ಟ್ ಬಿಗಿಯಾಗಿತ್ತು, ಹೆಬ್ಬೆರಳು ಕಪ್ಪಾಯಿತು. ಹಳೆಯ ನೀರು ಇಳಿಸಿ ಹೊಸ ನೀರು ತುಂಬಿದೆ. ಅಂಗಳ ಕೆಸರಾಯಿತು, ರೋಗ ಮಾತ್ರ ಇದ್ದಲ್ಲೇ ಇತ್ತು.

ಐದನೇ ಕಾರಣ ಥರ್ಮೋಸ್ಟಾಟ್. ಎಂಜಿನ್ ಕಾದಾಗ ಬಾಯಿ ತೆರೆದು ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು ಅದು. ತೆರೆಯುತ್ತದೋ ಇಲ್ಲವೋ ನೋಡಬೇಕಾದರೆ ನೀರಿನಲ್ಲಿಟ್ಟು ಕಾಯಿಸಬೇಕು. ಶುಕ್ರವಾರ ಬೆಳಿಗ್ಗೆ ಅದನ್ನು ಬಿಚ್ಚಿಕೊಂಡು, ಶಾಲೆಯ ಥರ್ಮಾಮೀಟರ್ ಹಿಡಿದು ಅಡುಗೆಮನೆಗೆ ನುಗ್ಗಿದೆ.

ಅಡುಗೆಮನೆಯಲ್ಲಿ ಅಮ್ಮ ಕಿಟಕಿಯ ಕೆಳಗೆ ಕೋಲು ಹಿಡಿದು ಕೂತಿದ್ದಳು. ಮೂರು ವಾರದ ಹಿಂದೆ ಆ ಕಿಟಕಿಯ ಸೊಳ್ಳೆ ಜಾಲರಿಯನ್ನು ಮಂಗ ಕಿತ್ತುಕೊಂಡು ಹೋಗಿತ್ತು. ಅಂದಿನಿಂದ ಮನೆಯವರ ಮೈಕೈಯೆಲ್ಲ ಸೊಳ್ಳೆಗಳ ಪಾಲು. ಮಂಗ ಮತ್ತೆ ಬಂದೇ ಬರುತ್ತದೆಂದು ಅಮ್ಮನ ಕಾವಲು.

"ಬಂತೇನಮ್ಮಾ?" ಎಂದೆ.

"ಇಲ್ಲ ಕಣೋ. ನಾನಿರೋದು ಗೊತ್ತಾಗಿದೆ ಅದಕ್ಕೆ. ಸಿಗಲಿ ಒಂದ್ಸಲ, ಬೆನ್ನು ಮುರೀತೀನಿ."

ನಾನು ಒಲೆಯ ಕಡೆ ತಿರುಗಿದೆ. ಕೈಗೆ ಸಿಕ್ಕಿದ್ದು ಹಾಲಿನ ಪಾತ್ರೆ. ನೀರು ಎಂಬತ್ತೆರಡು ಡಿಗ್ರಿ ಮುಟ್ಟಿತು, ಥರ್ಮೋಸ್ಟಾಟ್ ಆಕಳಿಸುವವರಂತೆ ನಿಧಾನವಾಗಿ ಬಾಯಿ ಬಿಟ್ಟಿತು. "ತೆರೀತು!" ಎಂದು ಕೂಗಿದೆ. ಹಿಂದೆ ಹೆಂಡತಿ ನಿಂತಿದ್ದಳು.

"ಹಾಲಿನ ಪಾತ್ರೇಲಿ ಏನ್ರೀ ಅದು?"

"ಥರ್ಮೋಸ್ಟಾಟ್. ಸಂಪೂರ್ಣ ಆರೋಗ್ಯವಾಗಿದೆ."

"ಅದು ಆರೋಗ್ಯವಾಗಿದೆ. ಇನ್ಮೇಲೆ ಆ ಪಾತ್ರೇಲಿ ಹಾಲು ಕುಡಿಯೋರ ಗತಿ?"

ಸಂಜೆಯ ಹೊತ್ತಿಗೆ ಹತ್ತು ಕಾರಣಗಳ ಮುಂದೆ ತಪ್ಪು ಗುರುತು ಬಿದ್ದಿತ್ತು. ಉಳಿದದ್ದು ಹನ್ನೊಂದನೆಯದು. ಅದನ್ನು ಎಷ್ಟು ಮೃದುವಾಗಿ ಹೇಳಬೇಕೋ ಅಷ್ಟು ಮೃದುವಾಗಿ ಹೇಳಿದೆ.

"ನೋಡು, ಎಂಜಿನ್‌ದು ಏನೂ ತಪ್ಪಿಲ್ಲ. ನೀನು ಓಡಿಸೋ ರೀತೀಲೇ ದೋಷ ಇರಬಹುದು."

ಅವಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈ ಒರೆಸಿಕೊಂಡು ಫೋನ್ ಎತ್ತಿದಳು. "ಅಣ್ಣಾ, ನಾಳೆ ಬೆಳಿಗ್ಗೆ ಬಾ. ಹತ್ತು ವರ್ಷದಿಂದ ನಾನು ತಪ್ಪು ಓಡಿಸ್ತಿದೀನಂತೆ" ಎಂದಳು. ನನಗೆ ಪಾಪ ಅನ್ನಿಸಿತು, ಆದರೆ ವಿಜ್ಞಾನವನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲವಲ್ಲ.

ಶನಿವಾರ ಬೆಳಿಗ್ಗೆ ಭಾವ ಬಂದರು. ನನ್ನ ಕಪ್ಪು ಹೆಬ್ಬೆರಳನ್ನು ನೋಡಿ, "ಏನ್ ಮೇಷ್ಟ್ರೇ, ಮತದಾನ ಆಯ್ತಾ?" ಎಂದರು. ನಾನು ಗಾಂಭೀರ್ಯದಿಂದ ನೋಟ್‌ಬುಕ್ ಒಪ್ಪಿಸಿದೆ. ಅವರು ಹಿಂದೆ ಮುಂದೆ ನೋಡದೆ ಆ ಹಾಳೆಯನ್ನು ಪರ್ರನೆ ಹರಿದುಕೊಂಡರು.

"ಅಯ್ಯೋ, ಓದಿ ಭಾವ!"

"ಓದೋಕಲ್ಲ. ಒಂದು ಕಾಗದ ಬೇಕಿತ್ತು. ಸ್ಟಾರ್ಟ್ ಮಾಡಮ್ಮ, ಆಕ್ಸಿಲರೇಟರ್ ಜಾಸ್ತಿ ಕೊಡು."

ಎಂಜಿನ್ ಗುಡುಗಿತು. ಭಾವ ನನ್ನ ಹನ್ನೊಂದು ಕಾರಣಗಳನ್ನು ಟ್ರ್ಯಾಕ್ಟರಿನ ಮುಂದಿನ ಗ್ರಿಲ್ಲಿಗೆ ಹಿಡಿದು ಕೈ ಬಿಟ್ಟರು. ಹಾಳೆ ಸೀದಾ ಕೆಸರಿಗೆ ಬಿತ್ತು.

"ಒಳಗೆ ಫ್ಯಾನ್ ಗಾಳಿ ಎಳೀತಿದ್ರೆ ಕಾಗದ ಅಲ್ಲೇ ಅಂಟ್ಕೋಬೇಕು. ಗಾಳೀನೇ ಹೋಗ್ತಿಲ್ಲ. ಏನೋ ಅಡ್ಡ ಇದೆ" ಎಂದು ಭಾವ ಎಂಜಿನ್ ನಿಲ್ಲಿಸಲು ಹೇಳಿ, ಗ್ರಿಲ್ಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು.

ನಾನು ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದೆ. ಓದುಗರಿಗೆ ಒಂದು ಸಣ್ಣ ವಿಷಯ ಹೇಳುವುದು ಬಿಟ್ಟುಹೋಗಿದೆ. ಮೂರು ವಾರದ ಹಿಂದೆ, ಗ್ರಿಲ್ಲಿನ ಹಿಂದೆ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಹೊಟ್ಟು ಕಸ ಸೇರಿದರೆ ಎಂಜಿನ್ ಬಿಸಿಯಾಗುತ್ತದೆಂದು ಎಲ್ಲೋ ಓದಿದ್ದೆ. ಕಸ ಒಳಗೆ ಬಾರದಂತೆ ಏನಾದರೂ ಅಡ್ಡ ಕಟ್ಟಿದರೆ? ಬುದ್ಧಿ ಮಿಂಚಿತು. ಮಿಂಚಿದ ಜಾಗ ಅಡುಗೆಮನೆ, ಎದುರಿಗೇ ಕಿಟಕಿ. ಜಾಲರಿ ಎಲ್ಲಿ ಹೋಯಿತೆಂದು ಹೆಂಡತಿ ಕೇಳಿದಾಗ ಬಾಯಿಗೆ ಮೊದಲು ಬಂದದ್ದು ಮಂಗ. (ಹೆದರಿಕೆಯಿಂದಲ್ಲ. ನಾನು ಶಾಂತಿಪ್ರಿಯ.) ಆಮೇಲೆ ಈ ಗುರುವಾರದವರೆಗೂ ಟ್ರ್ಯಾಕ್ಟರ್ ಖಾಲಿ ಟ್ರೈಲರ್ ಎಳೆದುಕೊಂಡು ಓಡಾಡಿತು, ಏನೂ ಆಗಲಿಲ್ಲ. ನಾನದನ್ನು ರಕ್ಷಣೆ ಅಂದುಕೊಂಡವನು, ದೋಷದ ಪಟ್ಟಿಯಲ್ಲಿ ಬರೆಯುವುದು ಹೇಗೆ?

ಗ್ರಿಲ್ ಕೈಗೆ ಬಂತು. ಹಿಂದೆ ಜಾಲರಿ. ಅದರ ಮೇಲೆ ಹೊಟ್ಟು, ಧೂಳು, ಸತ್ತ ಹುಳುಗಳು ಸೇರಿ ಕಂಬಳಿಯಷ್ಟು ದಪ್ಪಗೆ ಕೂತಿದ್ದವು. ಹೆಂಡತಿ ಹತ್ತಿರ ಬಂದು ಒಂದು ಮೂಲೆಯ ಕಸ ಕೆರೆದಳು. ಹರಿದ ಜಾಗಕ್ಕೆ ನೀಲಿ ದಾರದ ಹೊಲಿಗೆ ಕಾಣಿಸಿತು.

"ಇದು ನಾನೇ ಹಾಕಿದ ಹೊಲಿಗೆ" ಎಂದಳು. ಆಮೇಲೆ ಜಾಲರಿ ಕಟ್ಟಿದ್ದ ದಾರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎರಡೂ ತುದಿಗೆ ತಗಡಿನ ಕಡ್ಡಿಯಿರುವ, ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಕಟ್ಟಲು ಕೊಡುವ ದಾರಗಳು. ಎಂಟು.

"ಓದಿದ ಮಂಗ" ಎಂದರು ಭಾವ.

"ನಿನ್ನದು ಏನೂ ತಪ್ಪಿಲ್ಲ. ನಂದೇ ತಪ್ಪು" ಎಂದೆ ನಾನು ಅವಳಿಗೆ. ಅವಳು ಟ್ರ್ಯಾಕ್ಟರ್ ಹತ್ತಿ ಹೊರಟಳು. ನಾನು ಹೊಲದ ಬದುವಿನಲ್ಲಿ ನಿಂತೇ ದಿನ ಕಳೆದೆ. ನೇಗಿಲು ಮಣ್ಣಿಗಿಳಿದು ಸಂಜೆಯವರೆಗೆ ಎಳೆಯಿತು, ಮುಳ್ಳು ನಡುವಿನಿಂದ ಅಲುಗಲಿಲ್ಲ. ಹೊತ್ತು ಮುಳುಗುವ ಮೊದಲು ಕೊನೆಯ ಸಾಲು ಮುಗಿಸಿ, ಪಕ್ಕದ ಹೊಲದವರು "ಮಾತು ಉಳಿಸ್ಕೊಂಡೆ ಕಣಮ್ಮ" ಎಂದಾಗ ಅವಳು ನಕ್ಕಳು. ನನಗೆ ಉಸಿರು ಬಂತು.

ಮನೆಗೆ ಬಂದವನೇ ಜಾಲರಿಯನ್ನು ತೊಳೆದು, ಸುತ್ತಿಗೆ ಮೊಳೆ ಹಿಡಿದು ಅಡುಗೆಮನೆಯ ಕಿಟಕಿ ಹತ್ತಿದೆ. ಕೆಳಗೆ ಅಮ್ಮ ಕೋಲು ಊರಿಕೊಂಡು ಎದ್ದು ನಿಂತಳು.

"ಜಾಲರಿ ಸಿಕ್ತಾ! ಹಾಗಾದ್ರೆ ಮಂಗಾನೂ ಸಿಕ್ತೇನೇ?" ಎಂದು ಸೊಸೆಯನ್ನು ಕೇಳಿದಳು.

"ಸಿಕ್ತು ಅತ್ತೆ."

"ಹಾಗೇ ಬಿಟ್ಟುಬಿಡಬೇಡ ಮತ್ತೆ. ಮೊದಲು ಕಟ್ಟಿಹಾಕು."

ಹೆಂಡತಿ ಕಿಟಕಿಗೆ ಜೋತುಬಿದ್ದಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ಸಮಾಧಾನವಾಗಿ ನೋಡಿದಳು.

"ಕಟ್ಟಿಕೊಂಡು ಹದಿನೆಂಟು ವರ್ಷ ಆಯ್ತು ಅತ್ತೆ" ಎಂದಳು.